ಕಾಲಿನೊಳಗಿನ ಕರೆಂಟು

ಇಪ್ಪತ್ತಾರು ವರ್ಷದಲ್ಲಿ ನಮ್ಮ ಅತ್ತೆ ನನ್ನನ್ನು ಹೊಗಳಿದ್ದು ಒಂದೇ ಒಂದು ಗುಣಕ್ಕೆ. 'ನಮ್ಮ ಸುಮಿತ್ರಾ ಒಂದ ಕಡೆ ಕೂಡೂ ಪೈಕಿ ಅಲ್ಲ' ಎಂದು ಮನೆಗೆ ಬಂದವರ ಮುಂದೆಲ್ಲ ಹೇಳುತ್ತಿದ್ದರು. ಬಳಗದ ಬೇರೆ ಸೊಸೆಯಂದಿರು ಉಂಡ ತಾಟು ಮುಂದಿಟ್ಟುಕೊಂಡು ಹರಟುವಾಗ ನಾನು ಪಾತ್ರೆ ತೊಳೆದು, ಒಲೆ ಒರೆಸಿ, ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದಿರುತ್ತಿದ್ದೆ. ಮದುವೆ, ಭಜನೆ, ಸಿನಿಮಾ, ಎಲ್ಲಿಗೆ ಹೋದರೂ ಹಿಂದಿನ ಗೋಡೆಗೆ ಆತು ನಿಂತಿರುತ್ತಿದ್ದವಳು ನಾನೇ. ಎಂಥ ಚುರುಕು ಹೆಣ್ಣುಮಗಳು ಎಂದು ಜನ ಅಂದುಕೊಳ್ಳುತ್ತಿದ್ದರು. ನಾನೂ ಹಾಗೇ ಅಂದುಕೊಂಡು ಬೀಗಿದ್ದೆ. ಅದೊಂದು ಕಾಯಿಲೆ, ಅದಕ್ಕೊಂದು ಹೆಸರಿದೆ, ಔಷಧಿಯೂ ಇದೆ ಎಂದು ಗೊತ್ತಾಗುವ ಹೊತ್ತಿಗೆ ನನಗೆ ನಲವತ್ತೇಳು ತುಂಬಿತ್ತು. ಇವತ್ತಿಗೂ ಯಾವುದಾದರೂ ಸಮಾರಂಭದಲ್ಲಿ ಕುರ್ಚಿ ಖಾಲಿ ಇದ್ದರೂ ಗೋಡೆಗೆ ನಿಂತ ಹೆಂಗಸನ್ನು ಕಂಡರೆ ಹೋಗಿ ಮಾತಾಡಿಸುತ್ತೇನೆ. ಅವರೆಲ್ಲರ ಹತ್ತಿರ ಹೋಗಲು ಆಗದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ನನ್ನ ತವರು ಇಂಡಿ ತಾಲೂಕಿನ ಒಂದು ಹಳ್ಳಿ. ಮದುವೆಯಾಗಿ ಪುಣೆಗೆ ಬಂದಾಗಿನಿಂದ ಸದಾಶಿವ ಪೇಠದ ಒಂದು ಹಳೆಯ ವಾಡೆಯ, ಅಂದರೆ ನಡುವೆ ಚೌಕವಿರುವ ದೊಡ್ಡ ಮನೆಯ, ಕೆಳಗಿನ ಖೋಲಿಗಳಲ್ಲಿ ನಮ್ಮ ಸಂಸಾರ. ರಸ್ತೆಗೆ ಮುಖ ಮಾಡಿದ ಖೋಲಿಯಲ್ಲಿ ನನ್ನ ಹೊಲಿಗೆ ಅಂಗಡಿ. ಬ್ಲೌಸು ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು, ಓಣಿಯ ಕೋಚಿಂಗ್ ಕ್ಲಾಸಿಗೆ ಬರುವ ಹುಡುಗಿಯರ ಡ್ರೆಸ್ಸು ಬಿಗಿ ಮಾಡಿಕೊಡುವುದು ನನ್ನ ಕೆಲಸ. ನಮ್ಮ ಮನೆಯವರು ಭೋಸರಿಯ ಕಡೆ ಒಂದು ಕಾರ್ಖಾನೆಯಲ್ಲಿ ಲೇಥಿನ ಮೇಲೆ ದುಡಿಯುತ್ತಾರೆ. ಒಬ್ಬಳೇ ಮಗಳು ಅಶ್ವಿನಿ. ಮದುವೆಯಾಗಿ ವಿಮಾನ ನಗರದಲ್ಲಿ ಇದ್ದಾಳೆ, ಅಲ್ಲೇ ಒಂದು ಆಫೀಸಿನಲ್ಲಿ ಕೆಲಸ.

ತವರಿನಿಂದ ನನ್ನ ಜೊತೆ ಬಂದದ್ದು ಒಂದು ಟ್ರಂಕು ಮತ್ತು ಕಾಲಿನಿಂದ ತುಳಿಯುವ ಹೊಲಿಗೆ ಮಶೀನು. ಬೆಳಿಗ್ಗೆ ಹತ್ತಕ್ಕೆ ತುಳಿಯಲು ಕೂತರೆ ರಾತ್ರಿ ಒಂಬತ್ತರ ತನಕ ತುಳಿತವೇ. ಮದುವೆಯ ಇಪ್ಪತ್ತೈದನೆಯ ವರ್ಷಕ್ಕೆ ನಮ್ಮ ಮನೆಯವರು ನನಗೆ ಹೇಳದೆ ಕೇಳದೆ ಅದಕ್ಕೊಂದು ಮೋಟರು ಕೂಡಿಸಿದರು. ಸೀರೆ ತಂದಿದ್ದರೆ ಬಣ್ಣ ಸರಿಯಿಲ್ಲ ಎಂದು ಜಗಳ ತೆಗೆಯಬಹುದಿತ್ತು, ಮೋಟರಿನ ಮೇಲೆ ಏನಂತ ಜಗಳ ತೆಗೆಯಲಿ? ಇಷ್ಟು ವರ್ಷ ತುಳಿದದ್ದು ಸಾಕು, ಇನ್ನು ಕಾಲಿನ ಹೆಬ್ಬೆರಳು ಒತ್ತಿದರೆ ಸಾಕು ಎಂದರು. ನನಗೆ ಕಣ್ಣು ತುಂಬಿ ಬಂತು.

ಆ ಮೋಟರು ಬಂದ ಮೇಲೆ ಶುರುವಾಯಿತು ನೋಡಿ. ಸಂಜೆ ಆರಾಯಿತೆಂದರೆ ಮೊಣಕಾಲಿನ ಕೆಳಗೆ, ಎಲುಬಿನ ಒಳಗೆ, ಏನೋ ಹರಿಯತೊಡಗುವುದು. ನೋವು ಅಂದರೆ ನೋವಲ್ಲ. ಜೋಮು ಅಂದರೆ ಜೋಮೂ ಅಲ್ಲ. ಕಾಲನ್ನು ಝಾಡಿಸಿದರೆ, ಎದ್ದು ನಾಲ್ಕು ಹೆಜ್ಜೆ ಹಾಕಿದರೆ ಹೋಗುತ್ತದೆ, ಕೂತರೆ ಮತ್ತೆ ಬರುತ್ತದೆ. ನನ್ನ ಬುದ್ಧಿಗೆ ಹೊಳೆದದ್ದು ಒಂದೇ. ಮೋಟರಿನ ಕರೆಂಟು ಲೀಕಾಗಿ ನನ್ನ ಕಾಲಿಗೆ ಹತ್ತುತ್ತಿದೆ!

ಎಲೆಕ್ಟ್ರಿಷಿಯನ್ ಗಣಪತ್‌ರಾವ್ ನಮ್ಮ ಓಣಿಯವನೇ. ಬಂದು ಪ್ಲಗ್ಗು ಬದಲಿಸಿ ಹೋದ. ಕಡಿಮೆಯಾಗಲಿಲ್ಲ. ಮತ್ತೆ ಕರೆದೆ, ಅರ್ಥಿಂಗ್ ಮಾಡಿಕೊಟ್ಟ. ನಾನು ರಬ್ಬರ್ ಚಪ್ಪಲಿ ಹಾಕಿಕೊಂಡು, ಕಾಲ ಕೆಳಗೆ ಸ್ಕೂಟರಿನ ಹಳೆ ಟೈರು ಕತ್ತರಿಸಿ ಹಾಸಿಕೊಂಡು ಹೊಲಿಯತೊಡಗಿದೆ. ಅಳತೆ ಕೊಡಲು ಬಂದ ಹುಡುಗಿಯರು ಮುಸಿಮುಸಿ ನಕ್ಕರು. ಮೂರನೆಯ ಸಲ ಕರೆದಾಗ ಗಣಪತ್‌ರಾವ್ ಮಶೀನಿನ ಮೈಗೆಲ್ಲ ಟೆಸ್ಟರ್ ಹಚ್ಚಿದ, ಬಳಿಕ ತನ್ನ ಬರಿಗೈಯನ್ನೇ ಇಟ್ಟು ತೋರಿಸಿದ. ಲೀಕೇಜು ಮಶೀನಿನಲ್ಲಿ ಇಲ್ಲ ವಹಿನಿ, ನಿಮ್ಮೊಳಗೇ ಎಲ್ಲೋ ಇದೆ, ಅದನ್ನು ನೋಡುವ ಟೆಸ್ಟರ್ ನನ್ನ ಹತ್ತಿರ ಇಲ್ಲ, ಡಾಕ್ಟರಿಗೆ ತೋರಿಸಿ ಎಂದು ಮರಾಠಿಯಲ್ಲಿ ಹೇಳಿ, ಚೀಲ ಹೆಗಲಿಗೇರಿಸಿದ. ಮುಂದೆ ನಾನು ಕಂಡ ವೈದ್ಯರಲ್ಲಿ ಮೊದಲ ಇಬ್ಬರಿಗಿಂತ ಇವನೇ ಗುರಿಗೆ ಹತ್ತಿರ ಬಂದಿದ್ದ.

ನಾನು ಅವನ ಮಾತು ಕೇಳಲಿಲ್ಲ. ಮೋಟರು ಬಿಚ್ಚಿಸಿ ಮತ್ತೆ ತುಳಿಯತೊಡಗಿದೆ. ನಮ್ಮ ಮನೆಯವರು ಮೋಟರನ್ನು ಒಂದು ಅರಿವೆಯಲ್ಲಿ ಸುತ್ತಿ ಮಾಳಿಗೆಯ ಮೇಲಿಟ್ಟರು. ಎರಡು ದಿನ ಮುಖ ಚಿಕ್ಕದು ಮಾಡಿಕೊಂಡಿದ್ದರು. ತುಳಿಯುವಾಗ ಕಾಲು ಸುಮ್ಮನಿರುತ್ತಿತ್ತು, ನಿಜ. ಹಾಸಿಗೆಯಲ್ಲಿ ತುಳಿಯಲು ಏನಿದೆ? ಮಲಗಿದ ಹತ್ತು ನಿಮಿಷಕ್ಕೆ ಎದ್ದು ವಾಡೆಯ ಚೌಕದಲ್ಲಿ ಅಡ್ಡಾಡುತ್ತಿದ್ದೆ. ಹೇಗೋ ನಿದ್ದೆ ಹತ್ತಿದರೂ ಕಾಲು ತನ್ನಷ್ಟಕ್ಕೆ ಒದೆಯುತ್ತಿತ್ತಂತೆ. ಒದೆ ತಿಂದು ತಿಂದು ಬೇಸತ್ತ ನಮ್ಮ ಮನೆಯವರು ಹಾಸಿಗೆಯನ್ನು ಅಂಗಡಿಯ ಖೋಲಿಗೆ ಒಯ್ದರು.

ಅತ್ತೆಗೆ ಬೇರೆಯದೇ ಚಿಂತೆ. ಕೂತಲ್ಲಿ ಕಾಲು ಕುಣಿಸಿದರೆ ಮನೆಯಲ್ಲಿ ಲಕ್ಷ್ಮಿ ನಿಲ್ಲುವುದಿಲ್ಲ ಎಂಬ ಮಾತು ನಮ್ಮ ಕಡೆ ಹಾಲು ಕುಡಿಯುವ ಕೂಸಿಗೂ ಗೊತ್ತು. ಊಟಕ್ಕೆ ಕೂತಾಗ ನನ್ನ ಮೊಣಕಾಲು ಅಲ್ಲಾಡಿದರೆ ಅವರ ಕೈ ಬಂದು ಅದರ ಮೇಲೆ ಕೂರುತ್ತಿತ್ತು. ನಾನು ಹಲ್ಲು ಕಚ್ಚಿ ತಡೆಯುತ್ತಿದ್ದೆ. ತಡೆದಷ್ಟೂ ಒಳಗೆ ಅದು ಹೆಚ್ಚುತ್ತಿತ್ತು. ಆಮೇಲೆ ಉಣ್ಣುವುದನ್ನೇ ನಿಂತು ಉಣ್ಣತೊಡಗಿದೆ.

ಮೊದಲ ಡಾಕ್ಟರು ಕ್ಯಾಲ್ಸಿಯಮ್ ಕೊಟ್ಟರು. ಎರಡನೆಯವರು ರಕ್ತ ನೋಡಿ, ಹಿಮೊಗ್ಲೋಬಿನ್ ಸ್ವಲ್ಪ ಕಡಿಮೆ, ಅಷ್ಟೇನೂ ಇಲ್ಲ, ಟೆನ್ಶನ್ ತಗೋಬೇಡಿ ಎಂದರು. ಟೆನ್ಶನ್ ನಾನು ತಗೊಂಡಿರಲಿಲ್ಲ, ಆಮೇಲೆ ತಗೊಂಡೆ. ನಿದ್ದೆ ಬರಲೆಂದು ಮೆಡಿಕಲ್ ಅಂಗಡಿಯಿಂದ ನೆಗಡಿ ಗುಳಿಗೆ ತಂದು ನುಂಗುವ ಜಾಣತನ ನನ್ನದೇ. ಅದನ್ನು ತಿಂದರೆ ಎಲ್ಲರಿಗೂ ತೂಕಡಿಕೆ ಬರುತ್ತದಲ್ಲ, ನನಗೂ ಬರುತ್ತಿತ್ತು. ಆದರೆ ಕಾಲು ಮಾತ್ರ ಮೊದಲಿಗಿಂತ ಜೋರಾಗುತ್ತಿತ್ತು. ಕಣ್ಣು ಮಲಗು ಅನ್ನುವುದು, ಕಾಲು ಏಳು ಅನ್ನುವುದು. ಹಗಲಲ್ಲಿ ಕಣ್ಣು ಎಳೆಯದಿರಲೆಂದು ಗಂಟೆಗೊಂದು ಚಹಾ. ಒಂದು ಬ್ಲೌಸಿಗೆ ಎರಡೂ ಎಡಗೈ ತೋಳು ಹಚ್ಚಿಕೊಟ್ಟ ದಿನ ನನಗೆ ನಿಜವಾಗಿ ಹೆದರಿಕೆಯಾಯಿತು.

ಆ ಹೊತ್ತಿಗೆ ಅಶ್ವಿನಿಗೆ ಏಳನೆಯ ತಿಂಗಳು ನಡೆದಿತ್ತು. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಒಂದು ರವಿವಾರ ಬಂದವಳು ನನ್ನ ಮಡಿಲಲ್ಲಿ ತಲೆಯಿಟ್ಟು ಕೇಳಿದಳು: "ಅವ್ವ, ಕೂಸಿಗೆ ನೀನ ನೀರ ಹಾಕಬೇಕ. ಮಾಲಿಶ್ ಬಾಯಿ ಗೀಯಿ ನನಗ ಬ್ಯಾಡ."

ಹಾಕತೀನಿ ಎಂದೆ.

ಎಳೆಗೂಸಿಗೆ ನೀರು ಹಾಕುವುದು ಹೇಗೆಂದು ಗೊತ್ತಲ್ಲ. ಬಚ್ಚಲಲ್ಲಿ ಮಣೆಯ ಮೇಲೆ ಕೂತು, ಎರಡೂ ಕಾಲು ಮುಂದೆ ಚಾಚಿ, ಜೋಡಿಸಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಬೇಕು. ಎಣ್ಣೆ ಹಚ್ಚಿ, ತಿಕ್ಕಿ, ನೀರು ಹಾಕಿ, ಬೋರಲು ಹಾಕಿ ಮತ್ತೆ ನೀರು. ಅರ್ಧ ತಾಸು ಕಾಲುಗಳೇ ತೊಟ್ಟಿಲು, ಕಾಲುಗಳೇ ನೆಲ. ಅಶ್ವಿನಿಗೆ ಹಾಗೆ ನೀರು ಹಾಕಿದವರು ಅತ್ತೆ. ಈಗ ಅವರ ಮೊಣಕಾಲು ಮಡಚಿದರೆ ಚಾಚುವುದಿಲ್ಲ, ಚಾಚಿದರೆ ಮಡಚುವುದಿಲ್ಲ. ಉಳಿದವಳು ನಾನು. ನನ್ನ ಕಾಲೋ, ಸಂಜೆಯ ಕಾಟ ಅಷ್ಟೊತ್ತಿಗೆ ಮಧ್ಯಾಹ್ನಕ್ಕೆ ಬಂದು, ಮಧ್ಯಾಹ್ನದಿಂದ ಬೆಳಿಗ್ಗೆಗೂ ಸರಿದಿತ್ತು.

ಮರುದಿನ ಅಂಗಡಿಯ ಬಾಗಿಲು ಅರ್ಧ ಮುಚ್ಚಿ, ಕತ್ತರಿಸಿ ಉಳಿದ ಅರಿವೆ ತುಣುಕುಗಳನ್ನೆಲ್ಲ ಒಂದು ಅಸ್ತರಿನ ಬಟ್ಟೆಯಲ್ಲಿ ತುಂಬಿ, ಕೂಸಿನಷ್ಟು ಉದ್ದದ ಗಂಟು ಕಟ್ಟಿದೆ. ಭಾರಕ್ಕೆಂದು ನಡುವೆ ಎರಡು ಸೇರು ಜೋಳ ಹಾಕಿದೆ. ನೆಲದ ಮೇಲೆ ಕಾಲು ಚಾಚಿ, ಗಂಟನ್ನು ಕಾಲ ಮೇಲಿಟ್ಟುಕೊಂಡು ಗಡಿಯಾರ ನೋಡುತ್ತ ಕೂತೆ. ಎರಡು ನಿಮಿಷ. ಮೂರು. ಒಳಗೆ ಹರಿಯಲು ಶುರುವಾಯಿತು. ಹಲ್ಲು ಕಚ್ಚಿದೆ. ನಾಲ್ಕನೆಯ ನಿಮಿಷಕ್ಕೆ ಬಲಗಾಲು ನನ್ನನ್ನು ಕೇಳದೆ ಝಾಡಿಸಿಕೊಂಡಿತು. ಗಂಟು ಉರುಳಿ, ತಲೆಯ ಕಡೆಯಿಂದ ನೆಲಕ್ಕೆ ಬಿತ್ತು.

ಅರಿವೆಯ ಗಂಟು ಬಿದ್ದದ್ದಕ್ಕೆ ಯಾರಾದರೂ ಅಳುತ್ತಾರೆಯೇ? ನಾನು ಅತ್ತುಬಿಟ್ಟೆ. ಅದನ್ನು ಎತ್ತಿ ಎದೆಗೊತ್ತಿಕೊಂಡು ಬಿಕ್ಕಿ ಬಿಕ್ಕಿ ಅತ್ತೆ. ನಮ್ಮ ಮನೆಯವರಿಗೆ ಹೇಳಿದಾಗ, ಎಣ್ಣೆ ತಿಕ್ಕಿ ನೀರು ಹಾಕುವ ಮಾಲಿಶ್ ಬಾಯಿಯನ್ನೇ ಹಚ್ಚಿದರಾಯಿತು, ಅದಕ್ಯಾಕೆ ಇಷ್ಟು ಎಂದರು. ಅವರು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆ ರಾತ್ರಿ ನಾನು ಅವರಿಗೆ ಊಟಕ್ಕೆ ಬಡಿಸಲಿಲ್ಲ.

ತಿಂಗಳ ತಪಾಸಣೆಗೆ ಅಶ್ವಿನಿಯ ಜೊತೆ ಆಸ್ಪತ್ರೆಗೆ ಹೋದೆ. ಕಾಯುವ ಕೋಣೆಯಲ್ಲಿ ಕುರ್ಚಿಗಳ ಸಾಲು, ನಾನು ಯಥಾಪ್ರಕಾರ ಗೋಡೆಯ ಗುಂಟ ಆ ತುದಿಯಿಂದ ಈ ತುದಿಗೆ. 'ಬಸಾ ನಾ ಕಾಕು' ಎಂದು ನರ್ಸು ಎರಡು ಸಲ ಕುರ್ಚಿ ತೋರಿಸಿದಳು. ಅಲ್ಲಿನ ಲೇಡಿ ಡಾಕ್ಟರನ್ನು ಎಲ್ಲರೂ ಡಾಕ್ಟರ ಬಾಯಿ ಅನ್ನುತ್ತಿದ್ದರು. ಒಳಗೆ ಹೋದಾಗ ಅಶ್ವಿನಿ ಅವರಿಗೆ ಒಂದು ಮಾತು ಹೇಳಿದಳು. ನನಗೆ ಅದನ್ನು ಅವಳು ಹೇಳಿರಲೇ ಇಲ್ಲ. ರಾತ್ರಿ ಮಲಗಿದರೆ ಕಾಲಿನೊಳಗೆ ಏನೋ ಹರಿದ ಹಾಗಾಗುತ್ತದೆ, ಎದ್ದು ಅಡ್ಡಾಡಿದರೆ ಹೋಗುತ್ತದೆ, ಬಸುರಿನಲ್ಲಿ ಇದು ಇರುವುದೇ ಏನು ಎಂದು ಕೇಳಿದಳು.

ಡಾಕ್ಟರ ಬಾಯಿ ಅವಳಿಗೆ ಉತ್ತರ ಕೊಡುವ ಬದಲು ನನ್ನತ್ತ ತಿರುಗಿದರು. ಅಷ್ಟು ಹೊತ್ತು ಬಾಗಿಲ ಕಿಂಡಿಯಿಂದ ನನ್ನ ಅಡ್ಡಾಟ ಅವರಿಗೆ ಕಂಡಿತ್ತೋ ಏನೋ. ನಿಮಗೂ ಇದೆಯೇ ಎಂದರು. ಕೂತಾಗ ಮಲಗಿದಾಗ ಹೆಚ್ಚೇ, ನಡೆದರೆ ಕಡಿಮೆಯೇ, ಸಂಜೆಗೆ ಜೋರೇ ಎಂದು ಒಂದೊಂದಾಗಿ ಕೇಳುತ್ತ ಹೋದರು. ನಾನು ಹೌದು, ಹೌದು ಎನ್ನುತ್ತ ಹೋದೆ. ಕೊನೆಗೆ, ನಿಮ್ಮ ತಾಯಿಗೆ ಇತ್ತೇ ಎಂದರು.

ನನ್ನ ಕಣ್ಣ ಮುಂದೆ ತವರಿನ ಪಡಸಾಲೆ ಬಂದು ನಿಂತಿತು.

ನಮ್ಮವ್ವ ದಿನಾ ದೀಪ ಹಚ್ಚುವ ಹೊತ್ತಿಗೆ ನೆಲದ ಮೇಲೆ ಬೋರಲು ಮಲಗಿ, ಕಾಲು ತುಳಿಯಿರಿ ಬರ್ರಿ ಎಂದು ನಮ್ಮನ್ನು ಕರೆಯುತ್ತಿದ್ದಳು. ನಾವು ಮಕ್ಕಳು ಗೋಡೆ ಹಿಡಿದು ಅವಳ ಮೀನಖಂಡದ ಮೇಲೆ ನಿಂತು ತುಳಿಯಬೇಕು. ನನಗೆ ಆಟದ ಹೊತ್ತು ಅದು, ತಪ್ಪಿಸಿಕೊಂಡು ಓಡುತ್ತಿದ್ದೆ. ಯಾರೂ ಸಿಗದ ದಿನ ಅವಳು ಹಳೆ ಸೀರೆಯ ಅಂಚು ಹರಿದು ಕಾಲಿಗೆ ಬಿಗಿದು ಕಟ್ಟಿಕೊಂಡು ಮಲಗುತ್ತಿದ್ದಳು. ಇವಳದು ಯಾವಾಗಲೂ ಒಂದು ನಾಟಕ ಎಂದು ಅಪ್ಪ ಅನ್ನುತ್ತಿದ್ದ. ಅವಳು ಹೋಗಿ ಹದಿನಾಲ್ಕು ವರ್ಷವಾಯಿತು. ಆ ಖೋಲಿಯಲ್ಲಿ, ಗೊತ್ತಿಲ್ಲದ ಡಾಕ್ಟರ ಬಾಯಿಯ ಮುಂದೆ, ನಮ್ಮವ್ವನದು ನಾಟಕವಾಗಿರಲಿಲ್ಲ ಎಂದು ನನಗೆ ತಿಳಿಯಿತು. ಇತ್ತು, ನಮ್ಮವ್ವಗೂ ಇತ್ತು ಎಂದೆ. ಡಾಕ್ಟರ ಬಾಯಿ ಅಶ್ವಿನಿಗೆ ರಕ್ತದ ಪರೀಕ್ಷೆ ಬರೆದರು, ನನಗೆ ನಿದ್ರೆಯ ಡಾಕ್ಟರೊಬ್ಬರಿಗೆ ಚೀಟಿ ಬರೆದುಕೊಟ್ಟರು.

ನಿದ್ದೆಗೂ ಒಬ್ಬ ಡಾಕ್ಟರ್ ಇರುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅತ್ತೆ ಕೇಳಿ ಹಣೆ ಚಚ್ಚಿಕೊಂಡರು. ನಾಳೆ ಆಕಳಿಕೆಗೂ ಒಬ್ಬ ಬರುತ್ತಾನೆ ಎಂದರು. ಆ ಕ್ಲಿನಿಕ್ಕಿನ ಕಾಯುವ ಕೋಣೆಯನ್ನು ಅವರು ನೋಡಬೇಕಿತ್ತು. ಒಬ್ಬ ಭಾರೀ ಆಸಾಮಿ ಕುರ್ಚಿಯಲ್ಲೇ ಗೊರಕೆ ಹೊಡೆಯುತ್ತಿದ್ದ, ಹೆಂಡತಿ ಪ್ರತಿ ಎರಡು ನಿಮಿಷಕ್ಕೊಮ್ಮೆ ಮೊಣಕೈಯಿಂದ ತಿವಿಯುತ್ತಿದ್ದಳು. ಕಾಲೇಜಿನ ಹುಡುಗನೊಬ್ಬ ಹೆಸರು ಕರೆದದ್ದು ಕೇಳಿಸದಷ್ಟು ಗಾಢವಾಗಿ ಗೋಡೆಗೆ ಒರಗಿದ್ದ. ಅಲ್ಲಿ ಯಾರೂ ಯಾರನ್ನೂ ನೋಡಿ ನಗುತ್ತಿರಲಿಲ್ಲ. ಗೋಡೆಯ ಹತ್ತಿರ ನನ್ನ ಹಾಗೇ ಇನ್ನೊಬ್ಬರು ನಿಂತಿದ್ದರು, ನಿವೃತ್ತ ಶಾಲಾ ಶಿಕ್ಷಕಿ. ನಾನು ಅವರ ಕಾಲು ನೋಡಿದೆ, ಅವರು ನನ್ನ ಕಾಲು ನೋಡಿದರು. ಇಬ್ಬರೂ ಜೋಡಿಯಾಗಿ ಅಡ್ಡಾಡಿದೆವು. ಮೂವತ್ತು ವರ್ಷ ಪಾಠ ಮಾಡಿದೆ, ಒಂದು ದಿನವೂ ಕುರ್ಚಿಯಲ್ಲಿ ಕೂರಲಿಲ್ಲ, ಆದರ್ಶ ಶಿಕ್ಷಕಿ ಎಂದು ಸನ್ಮಾನ ಮಾಡಿದರು ಎಂದು ಅವರು ಮರಾಠಿಯಲ್ಲಿ ಹೇಳಿದಾಗ ನನಗೆ ನಗು ತಡೆಯಲಾಗಲಿಲ್ಲ. ವರ್ಷಗಳಿಂದ ಅಷ್ಟು ಹಗುರಾಗಿರಲಿಲ್ಲ ನನ್ನ ಮನಸ್ಸು.

ಡಾಕ್ಟರು ಎಳೆಯ ವಯಸ್ಸಿನವರು. ನಾನು ಮರಾಠಿಯಲ್ಲಿ ತಡವರಿಸುತ್ತ, ನಡುವೆ ಜೊತೆಗೆ ಬಂದಿದ್ದ ನಮ್ಮ ಮನೆಯವರನ್ನು ಕನ್ನಡದಲ್ಲಿ ಕೇಳಿದೆ, ಚಡಪಡಿಕೆಗೆ ಏನು ಅನ್ನಬೇಕು ಎಂದು. ಡಾಕ್ಟರು ಪೆನ್ನು ಕೆಳಗಿಟ್ಟರು. ಅವರು ಧಾರವಾಡದ ಕಡೆಯವರಂತೆ.

"ನಿಮ್ಮ ಮಾತಿನ್ಯಾಗ ಹೇಳ್ರಿ ಅಕ್ಕಾರ. ಗಡಿಬಿಡಿ ಇಲ್ಲ."

ಹೇಳಿದೆ. ಎಲುಬಿನೊಳಗೆ ಇರುವೆ ಹರಿದ ಹಾಗೆ, ಇರುವೆಗೆಲ್ಲ ಕರೆಂಟು ಹತ್ತಿದ ಹಾಗೆ ಎಂದೆ. ಗಣಪತ್‌ರಾವ್, ಟೆಸ್ಟರು, ಟೈರಿನ ತುಂಡು, ಏನನ್ನೂ ಬಿಡಲಿಲ್ಲ. ಅವರು ನಕ್ಕರು, ಆದರೆ ನನ್ನನ್ನು ನೋಡಿ ನಕ್ಕಂತೆ ಅನಿಸಲಿಲ್ಲ. ರೆಸ್ಟ್‌ಲೆಸ್ ಲೆಗ್ಸ್ ಎಂದು ಹೆಸರು ಹೇಳಿದರು. ಮೋಟರಿನದು ಏನೂ ತಪ್ಪಿಲ್ಲ, ಇಷ್ಟು ವರ್ಷ ತುಳಿದು ತುಳಿದು ನೀವೇ ಕಾಯಿಲೆಯನ್ನು ಮುಚ್ಚಿಟ್ಟಿದ್ದಿರಿ, ಕಾಲು ನಿಂತ ಕೂಡಲೇ ಅದು ಹೊರಗೆ ಬಂತು ಎಂದರು. ನಮ್ಮ ಮನೆಯವರು ಕುರ್ಚಿಯಲ್ಲಿ ನೆಟ್ಟಗಾದರು. ತಪ್ಪು ತಮ್ಮ ಮೋಟರಿನದಲ್ಲ ಎಂಬುದೇ ಅವರಿಗೆ ಅರ್ಧ ಜಯ.

ರಕ್ತದ ವರದಿ ಬಂದ ಮೇಲೆ ಡಾಕ್ಟರು ಇನ್ನೊಂದು ಮಾತು ಹೇಳಿದರು. ಮೈಯಲ್ಲಿ ಕಬ್ಬಿಣದ ದಾಸ್ತಾನು ಮುಗಿದುಹೋಗಿದೆ. ಅಂಗಡಿಯ ಮುಂದಿನ ಕಪಾಟು ತುಂಬಿದ ಹಾಗೆ ಕಾಣುತ್ತದೆ, ಒಳಗಿನ ಕೋಠಿ, ಅಂದರೆ ಉಗ್ರಾಣ, ಖಾಲಿ. ಮೊದಲಿನ ಡಾಕ್ಟರು ನೋಡಿದ್ದು ಕಪಾಟನ್ನು ಮಾತ್ರ. ಕಬ್ಬಿಣ ಎಲ್ಲಿ ಹೋಯಿತು ಎಂದು ಹುಡುಕುತ್ತ ಅವರು ಮುಟ್ಟಿನ ಬಗ್ಗೆ ಕೇಳಿದರು. ಪಕ್ಕದಲ್ಲಿ ಗಂಡ ಕೂತಿದ್ದಾರೆ. ನೆಲ ನೋಡುತ್ತ ಹೇಳಿದೆ, ಮೂರು ವರ್ಷದಿಂದ ತಿಂಗಳಿಗೆ ಹತ್ತು ಹತ್ತು ದಿನ ಎಂದು. ವಯಸ್ಸಿಗೆ ಹಾಗೇ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಬೇರೆ ಡಾಕ್ಟರ ಹತ್ತಿರ ಕಳಿಸಿದರು, ಅದೂ ಈಗ ಹತೋಟಿಯಲ್ಲಿದೆ. ನೆಗಡಿ ಗುಳಿಗೆಯ ಪಾಕೀಟು ತೋರಿಸಿದಾಗ, ಇದು ಉರಿಯುವುದಕ್ಕೆ ಎಣ್ಣೆ ಹಾಕಿದಂತೆ, ಇನ್ನು ಮುಟ್ಟಬೇಡಿ ಎಂದು ಕಸದ ಬುಟ್ಟಿಗೆ ಹಾಕಿದರು. ಕಬ್ಬಿಣದ ಗುಳಿಗೆ ಬರೆದರು. ಸಂಜೆಗೆ ಕಾಲಿಗೆಂದೇ ಒಂದು ಸಣ್ಣ ಗುಳಿಗೆ, ಅದನ್ನು ತಮ್ಮನ್ನು ಕೇಳದೆ ಹೆಚ್ಚು ಕಡಿಮೆ ಮಾಡಬಾರದೆಂದು ಎರಡು ಸಲ ಹೇಳಿದರು.

ಹೊರಗೆ ರಿಕ್ಷಾಕ್ಕೆ ಕಾಯುತ್ತ ನಿಂತಾಗ ನಮ್ಮ ಮನೆಯವರು ಕೇಳಿದರು: "ಮೂರ ವರ್ಷ ಆತು. ನನಗ ಒಂದ ಮಾತ ಹೇಳಬಾರದಿತ್ತೇನು?"

"ಹೆಂಗ ಹೇಳಬೇಕ್ರಿ? ನಿಮಗ ತಿಳಿಯೂ ವಿಷಯ ಅಲ್ಲ ಅನಕೊಂಡೆ."

"ಮೋಟರ್ ಕೂಡಸೂದೊಂದ ತಿಳೀತದ ನನಗ" ಎಂದು ಆ ಕಡೆ ಮುಖ ತಿರುಗಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು, ಮತ್ತು ನಾಚಿಕೆಯಾಗದೆ ಹೇಳುತ್ತೇನೆ, ನನಗೆ ಅದರಿಂದ ಸಮಾಧಾನವೇ ಆಯಿತು.

ಇಷ್ಟಾದರೂ ನನ್ನ ಜಾಣತನ ಮುಗಿದಿರಲಿಲ್ಲ. ಕಬ್ಬಿಣದ ಗುಳಿಗೆಯನ್ನು ಮೂರು ವಾರ ನಿಯಮದಿಂದ ನುಂಗಿದೆ, ಬೆಳಗಿನ ಚಹಾದ ಜೊತೆ. ನುಂಗಿದ ಮೇಲೆ ಬಾಯಿ ಕೆಟ್ಟ ರುಚಿಯಾಗುತ್ತದೆಂದು ಇನ್ನೊಂದು ಕಪ್ ಚಹಾ. ಸಂಜೆಯ ಗುಳಿಗೆಯಿಂದ ರಾತ್ರಿ ನಾಲ್ಕೈದು ತಾಸು ನಿದ್ದೆ ಬರತೊಡಗಿತ್ತು, ಆದರೆ ಹಗಲು ಕೂತರೆ ಕಾಲು ಹಳೆಯ ಹಾಡು ಬಿಟ್ಟಿರಲಿಲ್ಲ. ಗುಳಿಗೆ ಹೇಗೆ ತಗೊಳ್ಳುತ್ತೀರಿ ಎಂದು ಡಾಕ್ಟರು ಕೇಳಿದಾಗ ನಿಜ ಹೇಳಿದೆ. ಚಹಾ ಆ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲವಂತೆ. ಅವರು ಮೊದಲೇ ಹೇಳಿದ್ದರು ಎಂದು ನಮ್ಮ ಮನೆಯವರು ಸಾಕ್ಷಿ ನುಡಿದರು. ದ್ವಾಪರದಲ್ಲಿ ಹೇಳಿದ್ದರೂ ನನ್ನ ಕಿವಿಗೆ ಅದು ಬೀಳುತ್ತಿರಲಿಲ್ಲ, ಚಹಾ ನಮಗೆ ಪಾನೀಯವಲ್ಲ, ಗಾಳಿ ನೀರು ಇದ್ದ ಹಾಗೆ.

ಅಷ್ಟೊತ್ತಿಗೆ ಅಶ್ವಿನಿಗೆ ಎಂಟು ತುಂಬುತ್ತ ಬಂದಿತ್ತು. ಗುಳಿಗೆಯನ್ನೇ ನಂಬಿದರೆ ತಿಂಗಳುಗಟ್ಟಲೆ ಬೇಕು ಎಂದರು ಡಾಕ್ಟರು. ನಾನು ನಾಚಿಕೆ ಬಿಟ್ಟು ಅರಿವೆ ಗಂಟಿನ ಕಥೆ ಹೇಳಿದೆ. ಕೂಸನ್ನು ಕಾಲ ಮೇಲೆ ಹಾಕಿಕೊಳ್ಳಬೇಕು, ಬೇರೆ ಏನೂ ಬೇಡ ಎಂದೆ. ಅವರು ವರದಿಯನ್ನು ಮತ್ತೊಮ್ಮೆ ತಿರುವಿ ನೋಡಿ, ಕಬ್ಬಿಣವನ್ನು ನೇರವಾಗಿ ಸಲೈನಿನ ಹಾಗೆ ಏರಿಸೋಣ, ಆದರೂ ಕೆಲವು ವಾರ ಬೇಕು, ಮಾತು ಕೊಡಲಾರೆ ಎಂದರು.

ಸಲೈನ್ ಏರಿಸುವ ದಿನ ನನಗೆ ಸೂಜಿಯ ಹೆದರಿಕೆಗಿಂತ ಕುರ್ಚಿಯ ಹೆದರಿಕೆ ಹೆಚ್ಚು. ಅಷ್ಟು ಹೊತ್ತು ಕೂರುವುದು ಹೇಗೆ? ಬಾಟಲಿಯಲ್ಲಿದ್ದ ಔಷಧಿ ಥೇಟು ಕರಿ ಚಹಾದ ಬಣ್ಣ. ಕುಡಿಯುವುದನ್ನು ಬಿಡಿಸಿ ಈಗ ರಕ್ತಕ್ಕೇ ಏರಿಸುತ್ತಿದ್ದಾರಲ್ಲ ಎಂದು ನಮ್ಮ ಮನೆಯವರಿಗೆ ಹೇಳಿದೆ. ಅವರು ಕುರ್ಚಿಯ ಮುಂದೆ ನೆಲದ ಮೇಲೆ ಕೂತರು. ನರ್ಸು, ಬೇರೆ ರೋಗಿಗಳು, ಯಾರನ್ನೂ ಲೆಕ್ಕಿಸದೆ ನನ್ನ ಎರಡೂ ಪಾದ ತಮ್ಮ ತೊಡೆಯ ಮೇಲಿಟ್ಟುಕೊಂಡು, ಬಾಟಲಿ ಖಾಲಿಯಾಗುವ ತನಕ ಮೀನಖಂಡ ಒತ್ತಿದರು. ಲೇಥಿನ ಮೇಲೆ ಪಳಗಿದ ಕೈ, ಎಲ್ಲಿ ಎಷ್ಟು ಬಿಗಿ ಬೇಕೋ ಅಷ್ಟು. ನಮ್ಮವ್ವನಿಗೆ ಹೀಗೆ ಯಾರೂ ಕೂತಿರಲಿಲ್ಲ. ವಾರ ಬಿಟ್ಟು ಇನ್ನೊಂದು ಬಾಟಲಿ ಏರಿತು.

ಮೊದಲ ವಾರ ಏನೂ ಇಲ್ಲ. ಎರಡನೆಯ ವಾರವೂ ಇಲ್ಲ. ಮನೆಯಲ್ಲಿ ಚಹಾದ ಡಬ್ಬಿ ನಮ್ಮ ಮನೆಯವರ ಕಾವಲಿನಲ್ಲಿತ್ತು, ದಿನಕ್ಕೆ ಎರಡೇ ಕಪ್ಪು. ಗಂಟನ್ನು ಬಿಚ್ಚಿರಲಿಲ್ಲ, ದಿನಾ ಮಧ್ಯಾಹ್ನ ಕಾಲ ಮೇಲಿಟ್ಟು ಗಡಿಯಾರ ನೋಡುತ್ತಿದ್ದೆ. ಐದು ನಿಮಿಷ, ಆರು ನಿಮಿಷ, ಒಂದು ದಿನ ಮತ್ತೆ ನಾಲ್ಕು. ಅತ್ತೆ ಒಮ್ಮೆ ಬಾಗಿಲಲ್ಲಿ ನಿಂತು ನೋಡಿಬಿಟ್ಟರು. ಸೊಸೆಗೆ ತಲೆ ಕೆಟ್ಟಿತು ಎಂದೇ ಅವರು ತಿಳಿದದ್ದು. ಎಲ್ಲ ಹೇಳಿದೆ, ಕಾಲು ಕುಣಿಸುವುದು ನನ್ನ ಕೈಯಲ್ಲಿ ಇರಲಿಲ್ಲ ಎಂಬುದನ್ನೂ ಹೇಳಿದೆ. ಅವರು ಗಂಟನ್ನೊಮ್ಮೆ ಮುಟ್ಟಿ ನೋಡಿ ಒಳಗೆ ಹೋದರು.

ನಾಲ್ಕನೆಯ ವಾರದ ಒಂದು ಸಂಜೆ. ಟೀವಿಯಲ್ಲಿ ಅತ್ತೆಯ ಮರಾಠಿ ಧಾರಾವಾಹಿ ನಡೆದಿತ್ತು. ನಾನು ಅವರ ಪಕ್ಕದಲ್ಲಿ ಚಾಪೆಯ ಮೇಲೆ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದೆ. ಧಾರಾವಾಹಿ ಮುಗಿಯಿತು, ಇನ್ನೊಂದು ಶುರುವಾಯಿತು. ಅತ್ತೆ ತಿರುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಹಣೆ ಮುಟ್ಟಿ ನೋಡಿದರು.

"ಯಾಕ ಕುಂತೀ? ಆರಾಮ ಇಲ್ಲೇನು?"

ನಾನು ಗಡಿಯಾರ ನೋಡಿದೆ. ಮುಕ್ಕಾಲು ತಾಸಾಗಿತ್ತು. ಸೊಪ್ಪು ಯಾವಾಗಲೋ ಮುಗಿದಿತ್ತು, ನಾನು ಬರಿದೇ ಕೂತಿದ್ದೆ.

"ಆರಾಮ ಆಗೇದ ಅತ್ತಿ" ಎಂದೆ. ಆ ರಾತ್ರಿ ಹತ್ತಕ್ಕೆ ಮಲಗಿದವಳು ಹಾಲಿನವನು ಬಾಗಿಲು ಬಡಿದಾಗಲೇ ಎದ್ದೆ. ನಾನು ಏಳಲಿಲ್ಲವಲ್ಲ ಎಂದು ಗಾಬರಿಯಾಗಿ ನಮ್ಮ ಮನೆಯವರು ಎರಡು ಸಲ ಬಂದು ಉಸಿರು ನೋಡಿ ಹೋಗಿದ್ದರಂತೆ. ಮರುದಿನ ತಮ್ಮ ಹಾಸಿಗೆಯನ್ನು ಒಳಗಿನ ಖೋಲಿಗೆ ತಂದರು, ಮಾಳಿಗೆಯಿಂದ ಮೋಟರನ್ನೂ ಇಳಿಸಿದರು.

ಕಾಯಿಲೆ ಪೂರ್ತಿ ಹೋಗಿದೆ ಎಂದು ನಾನು ಹೇಳುವುದಿಲ್ಲ. ಸಂಜೆಯ ಗುಳಿಗೆ ಈಗಲೂ ಇದೆ, ಆರು ತಿಂಗಳಿಗೊಮ್ಮೆ ಕೋಠಿಯಲ್ಲಿ ಎಷ್ಟು ಉಳಿದಿದೆ ಎಂದು ರಕ್ತ ಕೊಟ್ಟು ನೋಡಿಸುತ್ತೇನೆ. ಸ್ವಾರಗೇಟಿನಿಂದ ಊರ ಬಸ್ಸು ಹತ್ತುವ ದಿನ ನಡುವಿನ ದಾರಿಯ ಪಕ್ಕದ ಸೀಟನ್ನೇ ಹಿಡಿಯುತ್ತೇನೆ. ಆದರೆ ಈಗ ಅದು ನನ್ನ ಹಿಂದೆ ಬರುತ್ತದೆ, ಮೊದಲಿನ ಹಾಗೆ ನನ್ನನ್ನು ಎಳೆದುಕೊಂಡು ಹೋಗುವುದಿಲ್ಲ.

ಅಶ್ವಿನಿಗೆ ಹೆಣ್ಣು ಹುಟ್ಟಿತು. ಡಾಕ್ಟರ ಬಾಯಿ ಅವಳ ಕಬ್ಬಿಣವನ್ನು ಮೊದಲೇ ಸರಿಮಾಡಿದ್ದರು, ಹೆರಿಗೆಯ ಬಳಿಕ ಅವಳ ಕಾಲೂ ತಣ್ಣಗಾಯಿತು. ಹೊಕ್ಕುಳ ಬಳ್ಳಿ ಬೀಳುವವರೆಗೆ ಮೈ ಒರೆಸಿದರೆ ಸಾಕೆಂದಿದ್ದರು. ಬಿದ್ದ ಮೂರನೆಯ ದಿನ ಬೆಳಿಗ್ಗೆ ಹಂಡೆಯಲ್ಲಿ ನೀರು ಕಾಯಿತು. ಮಣೆಯ ಮೇಲೆ ಕೂತು, ಸೀರೆ ಮೊಣಕಾಲಿನ ಮೇಲೆ ಸರಿಸಿ, ಕಾಲು ಚಾಚಿದೆ. ಅತ್ತೆ ಬಚ್ಚಲ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಯಜಮಾನಿಕೆಗೆ ಕೂತರು. ಅಶ್ವಿನಿ ಕೂಸನ್ನು ತಂದು ನನ್ನ ಕಾಲ ಮೇಲೆ ಮಲಗಿಸಿದಳು. ಜೋಳದ ಗಂಟಿಗಿಂತ ಅದು ಎಷ್ಟು ಬೆಚ್ಚಗಿತ್ತು. ಗಡಿಯಾರ ಕಾಣದ ಕಡೆ ಮುಖ ಮಾಡಿ ಕೂತಿದ್ದೆ. ಎಣ್ಣೆ ಹಚ್ಚಿದೆ, ಎದೆ ತಿಕ್ಕಿದೆ, ತೋಳು ತಿಕ್ಕಿದೆ. ಮೊದಲ ಚೊಂಬು ನೀರು ಬಿದ್ದದ್ದೇ ಕೂಸು ಕಿಟಾರನೆ ಚೀರಿ, ಎರಡೂ ಕಾಲಿನಿಂದ ನನ್ನ ಹೊಟ್ಟೆಗೆ ಪಟಪಟ ಒದೆಯತೊಡಗಿತು.

"ಕಾಲ ನೋಡ ಇದರದು, ಹೆಂಗ ಕುಣಸ್ತದ..." ಎಂದು ಅತ್ತೆ ಶುರುಮಾಡಿದರು. ಮುಂದಿನ ಮಾತು ನನಗೆ ಬಾಯಿಪಾಠ. ಆದರೆ ಅವರು ಲಕ್ಷ್ಮಿಯ ಹೆಸರು ಎತ್ತಲಿಲ್ಲ. ನನ್ನ ಕಾಲು ನೋಡಿದರು, ನೀರು ಸುರಿಯುತ್ತಿದ್ದ, ಕಲ್ಲಿನ ಹಾಗೆ ಸ್ಥಿರವಾಗಿದ್ದ ನನ್ನ ಎರಡು ಕಾಲು. ಸೆರಗಿನಿಂದ ಮೂಗು ಒರೆಸಿಕೊಂಡರು.

"ಎಷ್ಟ ಬೇಕಾದ್ರೂ ಕುಣಸ್ಲಿ ಬಿಡ್ರಿ ಅತ್ತಿ" ಎಂದೆ. "ನಾ ಹಿಡದೀನಿ."

ಬೋರಲು ಹಾಕಿ ಬೆನ್ನಿಗೆ ನೀರು ಹಾಕಿದೆ, ಮತ್ತೆ ಅಂಗಾತ ಮಾಡಿ ದೃಷ್ಟಿ ತೆಗೆದೆ. ಅಶ್ವಿನಿ ಮೆತ್ತನೆಯ ಅರಿವೆಯಲ್ಲಿ ಸುತ್ತಿ ಕೂಸನ್ನು ಒಳಗೆ ಒಯ್ದಳು, ಅತ್ತೆಯೂ ಧೂಪ ಹಾಕಲು ಗೋಡೆ ಹಿಡಿದು ಹೋದರು. ಬಚ್ಚಲಲ್ಲಿ ನಾನೊಬ್ಬಳೇ ಉಳಿದೆ. ಒದ್ದೆ ಕಾಲು ಚಾಚಿಕೊಂಡು, ಹಂಡೆಯ ನೀರು ಆರುವ ತನಕ ಹಾಗೇ ಕೂತಿದ್ದೆ. ಎದ್ದು ಅಡ್ಡಾಡಬೇಕು ಎಂದು ಕಾಲು ಒಮ್ಮೆಯೂ ಕೇಳಲಿಲ್ಲ.